ಕುಡುಗೋಲು ಕಾಯಿಲೆಗೂ ಒಂದು ದಿನ



ಕುಡುಗೋಲು ನಿಮಗೆಲ್ಲ ಗೊತ್ತು. ಅದರಲ್ಲಿ ಹುಲ್ಲು ಕೊಯ್ಯುತ್ತೀರಿ. ರಾಗಿ ಕೊಯ್ಯುತ್ತೀರಿ. ರಕ್ತದಲ್ಲೂ ಕುಡುಗೋಲು ಇರ್ತದಾ? ನೋಡೋಣ ಬನ್ನಿ.

ನಮ್ಮ ರಕ್ತದಲ್ಲಿ ಕೆಂಪು ಕಣಗಳಿವೆ. ಅವು ಬರಿಗಣ್ಣಿಗೆ ಕಾಣುವುದಿಲ್ಲ. ದುಂಡಗೆ, ಮೆತ್ತಗೆ ಇರುತ್ತವೆ. ಸಣ್ಣ ನಾಳದಲ್ಲೂ ಸಲೀಸಾಗಿ ಹರಿಯುತ್ತವೆ. ಸುಮಾರು 120 ದಿನ ಬದುಕುತ್ತವೆ.

ಕೆಲವರಲ್ಲಿ ಈ ಕಣಗಳು ಕುಡುಗೋಲಿನ ಹಾಗೆ ಬಾಗುತ್ತವೆ. ಗಟ್ಟಿಯಾಗುತ್ತವೆ. 10ರಿಂದ 20 ದಿನಕ್ಕೇ ಸಾಯುತ್ತವೆ. ಅದಕ್ಕೇ ರಕ್ತ ಕಡಿಮೆಯಾಗುತ್ತದೆ. ಕಾಲುವೆಯಲ್ಲಿ ಕಸ ಕಟ್ಟಿದ ಹಾಗೆ ನಾಳದಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಕೈಕಾಲು, ಬೆನ್ನು, ಹೊಟ್ಟೆಯಲ್ಲಿ ತಡೆಯಲಾರದ ನೋವು. ಇದೇ ಸಿಕಲ್ ಸೆಲ್ ಕಾಯಿಲೆ. ಇದು ಮುಟ್ಟಿದರೆ ಬರುವುದಿಲ್ಲ. ಜೊತೆಗೆ ಉಂಡರೂ ಬರುವುದಿಲ್ಲ. ಹುಟ್ಟಿನಿಂದ ಬರ್ತದೆ.

ಯಾರ ತಪ್ಪು?

ಮಗು ನರಳಿದರೆ ಮನೆಯವರು ತಾಯಿಯನ್ನು ಬೈಯುತ್ತಾರೆ. ಅದು ಸರಿಯಲ್ಲ. ಮಗುವಿಗೆ ಈ ಗುಣ ಒಂದು ತಾಯಿಯಿಂದ, ಒಂದು ತಂದೆಯಿಂದ ಬರಬೇಕು. ಎರಡೂ ಸೇರಿದರೆ ಮಾತ್ರ ಕಾಯಿಲೆ. ಒಂದೇ ಬಂದರೆ ಆ ಮಗು ವಾಹಕ. ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ, ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಂಭವ ನಾಲ್ಕರಲ್ಲಿ ಒಂದು ಪಾಲು.

ಜೂನ್ 19

ನಮ್ಮ ದೇಶದಲ್ಲಿ ಇದು ಮೊದಲು ತಿಳಿದದ್ದು 1952ರಲ್ಲಿ, ನೀಲಗಿರಿ ಬೆಟ್ಟದ ಆದಿವಾಸಿಗಳಲ್ಲಿ. ಮೈಸೂರು, ಚಾಮರಾಜನಗರ, ಕೊಡಗಿನ ಹಾಡಿಗಳಲ್ಲೂ ಇದೆ. 2008ರಲ್ಲಿ ವಿಶ್ವಸಂಸ್ಥೆ ಈ ಕಾಯಿಲೆಗೆ ಒಂದು ದಿನ ಗೊತ್ತುಮಾಡಿತು. ಅದೇ ಜೂನ್ 19. ಪ್ರತಿ ವರ್ಷ ಆ ದಿನ ಜನರಿಗೆ ತಿಳಿವಳಿಕೆ ಕೊಡಿ ಎಂದು ಎಲ್ಲ ಸರ್ಕಾರಗಳಿಗೂ ಹೇಳಿತು.

"ಒಂದು ದಿನ ಮಾಡಿದರೆ ರೋಗ ಹೋಗ್ತದಾ ಟೀಚರ್?" ಎಂದು ನಮ್ಮ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದಳು.

ಇಲ್ಲ, ಹೋಗುವುದಿಲ್ಲ. ಆದರೆ ಸರ್ಕಾರ ಒಪ್ಪಿಕೊಂಡ ರೋಗದ ಬಗ್ಗೆ ನಾವು ಸರ್ಕಾರವನ್ನು ಕೇಳಬಹುದು. 2023ರ ಜುಲೈ 1ರಂದು ಭಾರತ ಸರ್ಕಾರ ಈ ಕಾಯಿಲೆ ತೊಲಗಿಸುವ ದೊಡ್ಡ ಯೋಜನೆ ಶುರುಮಾಡಿತು. 7 ಕೋಟಿ ಜನರ ರಕ್ತ ಪರೀಕ್ಷೆಯ ಗುರಿ ಇಟ್ಟಿತು. ಅದರಲ್ಲಿ ಕರ್ನಾಟಕವೂ ಸೇರಿದೆ. "ನಮ್ಮೂರಿಗೆ ಪರೀಕ್ಷೆ ಯಾವಾಗ?" ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಇದು ನಿಮ್ಮ ಹಕ್ಕು.

ನೆನಪಿಡಿ

ಮದುವೆಗೆ ಮೊದಲು ಹೆಣ್ಣು ಗಂಡು ಇಬ್ಬರೂ ಪರೀಕ್ಷೆ ಮಾಡಿಸಬೇಕು.
ಕಾಯಿಲೆ ಇರುವವರು ನೀರು ಚೆನ್ನಾಗಿ ಕುಡಿಯಬೇಕು. ಚಳಿಯಲ್ಲಿ ಬೆಚ್ಚಗಿರಬೇಕು.
ಜ್ವರ, ಎದೆನೋವು, ಉಸಿರುಕಟ್ಟು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.
ಡಾಕ್ಟರು ಕೊಟ್ಟ ಮಾತ್ರೆ ಬಿಡಬಾರದು.

ಉತ್ತರ ಹೇಳಿ

1. ಈ ಕಾಯಿಲೆಗೆ ಕುಡುಗೋಲಿನ ಹೆಸರು ಯಾಕೆ ಬಂತು?
2. ತಾಯಿಯನ್ನು ಬೈಯುವುದು ಯಾಕೆ ತಪ್ಪು?

ಬಿಟ್ಟ ಜಾಗ ತುಂಬಿ

ಸಿಕಲ್ ಸೆಲ್ ದಿನ: ಜೂನ್ ______.