ಗಡ್ಡೆಯ ಇರುಳು

ಹಂಪಿಯ ವಿರೂಪಾಕ್ಷ ದೇವಾಲಯದ ಆಚೆಯ ದಡದಲ್ಲಿ, ಗಂಗಾವತಿ ತಾಲೂಕಿಗೆ ಸೇರಿದ ವಿರೂಪಾಪುರ ಗಡ್ಡೆಯಿದೆ. ತುಂಗಭದ್ರೆಯ ನೀರಿನಿಂದ ಸುತ್ತುವರಿದ ಈ ನೆಲದಲ್ಲಿ ಬತ್ತದ ಗದ್ದೆಗಳ ನಡುವೆ ಒಂದೊಂದಾಗಿ ಗುಡಿಸಲುಗಳೆದ್ದವು. 1986ರಲ್ಲಿ ಹಂಪಿಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಹೊಳೆ ದಾಟಿ ಬರುವ ವಿದೇಶಿಯರ ಸಂಖ್ಯೆಯೂ ಬೆಳೆಯಿತು. ಅಂಬಿಗನಿಗೆ, ಅಡುಗೆಯವನಿಗೆ, ಹೊಲವಿಲ್ಲದ ತರುಣನಿಗೆ ಕೆಲಸ ದೊರೆಯಿತು. ಬರಗಾಲದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಹೊತ್ತು ಮುಳುಗಿದ ಮೇಲೆ ಗಡ್ಡೆಯ ರೀತಿಯೇ ಬೇರೆಯಾಗುತ್ತಿತ್ತು. ಸರಿರಾತ್ರಿಯವರೆಗೆ ಸಂಗೀತದ ಅಬ್ಬರ. ಮದ್ಯ ಹಾಗೂ ಮಾದಕ ಪದಾರ್ಥಗಳ ದೂರುಗಳು. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿದಾಗ ಅಲ್ಲಿ ಸಿಲುಕಿದ್ದ ನೂರಾರು ಜನರನ್ನು ಪಾರುಮಾಡಬೇಕಾಯಿತು.

ಸಂರಕ್ಷಿತ ಪ್ರದೇಶದ ಈ ಕಟ್ಟಡಗಳು ಅಕ್ರಮವೆಂದು ಹೈಕೋರ್ಟು 2015ರಲ್ಲಿ ಹೇಳಿತು. ಸುಪ್ರೀಂ ಕೋರ್ಟು 2020ರ ಫೆಬ್ರವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಮಾರ್ಚಿನಲ್ಲಿ ಯಂತ್ರಗಳು ಬಂದವು. ಕಾನೂನು ಗೆದ್ದಿತು, ನಿಜ; ಅಲ್ಲಿ ದುಡಿಯುತ್ತಿದ್ದವರು ಬರಿಗೈಯಾದರು.

ಪ್ರವಾಸಿಗರು ಬರುವುದು ನಿಲ್ಲಲಿಲ್ಲ. ತಂಗುದಾಣಗಳು ಸಮೀಪದ ಸಾಣಾಪುರ, ಆನೆಗೊಂದಿಗಳತ್ತ ಸರಿದವು. 2025ರ ಮಾರ್ಚಿನ ಒಂದು ರಾತ್ರಿ ಸಾಣಾಪುರದ ಕಾಲುವೆಯ ದಂಡೆಯಲ್ಲಿ ಕೆಲವರು ನಕ್ಷತ್ರಗಳನ್ನು ನೋಡುತ್ತ ಕುಳಿತಿದ್ದರು. ಅವರು ಗದ್ದಲವೆಬ್ಬಿಸಿದವರಲ್ಲ. ದುಷ್ಕರ್ಮಿಗಳು ಅವರ ಮೇಲೆರಗಿ, ಸ್ತ್ರೀಯರ ಮೇಲೆ ಅತ್ಯಾಚಾರವೆಸಗಿ, ಗಂಡಸರನ್ನು ನೀರಿಗೆ ತಳ್ಳಿದರು. ಅವರಲ್ಲೊಬ್ಬನು ಮುಳುಗಿ ಸತ್ತನು. ಗಡ್ಡೆಯ ಸದ್ದನ್ನು ಅಡಗಿಸಲು ಯಂತ್ರಗಳು ಸಾಕಾಗಿದ್ದವು. ಕಾಲುವೆಯ ಕತ್ತಲೆಗಾದರೋ ಬೇಕಾದುದು ಬೀದಿದೀಪ, ಗಸ್ತು ತಿರುಗುವ ಪೊಲೀಸರು, ಇಂದು ರಾತ್ರಿ ಯಾರು ಎಲ್ಲಿ ತಂಗಿದ್ದಾರೆಂದು ಬರೆದಿಡುವ ಒಂದು ದಾಖಲೆ ಪುಸ್ತಕ.