ಮನೆಯಲ್ಲೇ ಹೈಸ್ಕೂಲು: ಕಾನೂನು ಎಲ್ಲಿ ತಡೆಯುತ್ತದೆ, ಎಲ್ಲಿ ದಾರಿ ಬಿಡುತ್ತದೆ

ಮಗುವನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲೇ ಹೈಸ್ಕೂಲು ಓದಿಸಬಹುದೇ ಎಂದು ಮೈಸೂರಿನ ಪೋಷಕರು ನನ್ನನ್ನು ಆಗಾಗ ಕೇಳುತ್ತಾರೆ. ಒಬ್ಬರಿಗೆ ಮಗಳ ಪಿಟೀಲು ಅಭ್ಯಾಸಕ್ಕೆ ಹೊತ್ತು ಸಾಲದು, ಇನ್ನೊಬ್ಬರ ಮಗನಿಗೆ ತರಗತಿಯಲ್ಲಿ ಕಿರುಕುಳ, ಮತ್ತೊಬ್ಬರ ಮಗುವಿಗೆ ಅಕ್ಷರಗಳೇ ಗೋಜಲು. ಕಾರಣ ಯಾವುದೇ ಇರಲಿ, ನಾನು ಮೊದಲು ಕೇಳುವುದು ಮಗುವಿನ ಹುಟ್ಟಿದ ದಿನಾಂಕ. 14 ತುಂಬುವ ಮೊದಲು ಕಾನೂನಿನ ಮಾತು ಒಂದು, ತುಂಬಿದ ಮೇಲೆ ಇನ್ನೊಂದು.

ಸಂವಿಧಾನದ 86ನೇ ತಿದ್ದುಪಡಿ 2002ರಲ್ಲಿ 21ಎ ವಿಧಿಯನ್ನು ಸೇರಿಸಿತು. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ, ಕಡ್ಡಾಯ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದನ್ನು ಜಾರಿಗೊಳಿಸಲು ಬಂದ ಶಿಕ್ಷಣ ಹಕ್ಕು ಕಾಯ್ದೆ, 2009 (ಎಲ್ಲರ ಬಾಯಲ್ಲಿ ಆರ್‌ಟಿಇ) 2010ರ ಏಪ್ರಿಲ್ 1ರಿಂದ ನಡೆಯುತ್ತಿದೆ. ಕಡ್ಡಾಯ ಶಿಕ್ಷಣ ಮೈಸೂರಿಗೆ ಹೊಸದೇನಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ, 1913ರಲ್ಲಿ, ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ನಿಯಮ ತಂದು ಆಯ್ದ ಪ್ರದೇಶಗಳಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವುದನ್ನು ಕಡ್ಡಾಯ ಮಾಡಿತ್ತು. ಕಡ್ಡಾಯ ಶಿಕ್ಷಣದ ಕಾನೂನು ಹುಟ್ಟಿದ್ದು ದುಡಿಮೆಯ ಪಾಲಾಗುತ್ತಿದ್ದ ಮಕ್ಕಳನ್ನು ಉಳಿಸಲು. ಮನೆಯಲ್ಲಿ ಕಾಳಜಿಯಿಂದ ಪಾಠ ಹೇಳುವ ತಂದೆತಾಯಿ ಅದನ್ನು ಬರೆದವರ ಕಣ್ಣ ಮುಂದೆ ಇರಲಿಲ್ಲ. ಇಂದಿನ ಗೊಂದಲದ ಬೇರು ಇರುವುದು ಅಲ್ಲಿಯೇ.

ಆರ್‌ಟಿಇ ಕಾಯ್ದೆಯ 10ನೇ ಸೆಕ್ಷನ್ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಆ ಕರ್ತವ್ಯ ತಪ್ಪಿದ ಪೋಷಕರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಶಿಕ್ಷೆ ಇಲ್ಲವೆಂದ ಮಾತ್ರಕ್ಕೆ ಅನುಮತಿ ಇದೆ ಎಂದು ತಿಳಿಯಬಾರದು. 2011ರಲ್ಲಿ ಮನೆಯಲ್ಲೇ ಕಲಿಯುತ್ತಿದ್ದ ಒಬ್ಬ ವಿದ್ಯಾರ್ಥಿನಿ ದೆಹಲಿ ಹೈಕೋರ್ಟಿನ ಮೊರೆ ಹೋದಾಗ, ಪೋಷಕರು ಹೋಮ್‌ಸ್ಕೂಲಿಂಗ್ ಮುಂದುವರಿಸಲು ಆರ್‌ಟಿಇ ಅಡ್ಡಿಯಲ್ಲ ಎಂದು ಕೇಂದ್ರ ಸರ್ಕಾರ ಅಫಿಡವಿಟ್ ಸಲ್ಲಿಸಿತು. ಆಮೇಲೆ ಅದನ್ನು ಹಿಂತೆಗೆದುಕೊಂಡಿತು. ಅನೇಕರು ಮೊದಲ ಅರ್ಧವನ್ನಷ್ಟೇ ಕೇಳಿರುತ್ತಾರೆ. ಹಿಂತೆಗೆದುಕೊಂಡ ಅಫಿಡವಿಟ್ ನಂಬಿ ಹನ್ನೊಂದು ವರ್ಷದ ಮಗುವನ್ನು ಶಾಲೆ ಬಿಡಿಸಬೇಡಿ.

ಕರ್ನಾಟಕದಲ್ಲಿ ಇನ್ನೂ ಒಂದು ವಿಷಯವಿದೆ. ಶಾಲೆ ಬಿಟ್ಟ ಮಕ್ಕಳ ಪ್ರಕರಣವನ್ನು ರಾಜ್ಯ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಮೇಲೆ ಶಿಕ್ಷಣ ಇಲಾಖೆ ಬಿಗಿಯಾಯಿತು. ಕಾರಣ ತಿಳಿಸದೆ ಏಳು ದಿನ ಸತತ ಗೈರಾದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಎಂದೇ ಎಣಿಸಿ ಮನೆ ಬಾಗಿಲಿಗೆ ಬರುತ್ತಾರೆ. ಹಾಗೆ ಶಿಕ್ಷಕರೋ ಸಿಆರ್‌ಪಿಯವರೋ (ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದರೆ ಜಗಳವಾಡಬೇಡಿ, ಅವರು ತಮ್ಮ ಕೆಲಸ ಮಾಡುತ್ತಿದ್ದಾರೆ. ಮಗು ಏನು ಓದುತ್ತಿದೆ, ಯಾವ ಪರೀಕ್ಷೆಗೆ ತಯಾರಾಗುತ್ತಿದೆ ಎಂಬುದನ್ನು ಬರಹದಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ. ನಗರದಲ್ಲಿ ಮೈಸೂರು ಉತ್ತರ, ದಕ್ಷಿಣ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗಳು ಬೇರೆಬೇರೆ. ನಿಮ್ಮ ಬಡಾವಣೆ ಯಾವುದಕ್ಕೆ ಸೇರುತ್ತದೆ ಎಂಬುದನ್ನು ಮೊದಲೇ ತಿಳಿದಿಟ್ಟುಕೊಳ್ಳಿ.

ಮನೆಯಲ್ಲಿ ಕಲಿಯುವ ಹಕ್ಕನ್ನು ಆರ್‌ಟಿಇ ಬಾಯಿಬಿಟ್ಟು ಹೇಳಿರುವುದು ಒಂದೇ ಕಡೆ. 2012ರ ತಿದ್ದುಪಡಿಯ ಪ್ರಕಾರ ಬಹುವಿಧ ಅಥವಾ ತೀವ್ರ ಅಂಗವೈಕಲ್ಯವಿರುವ ಮಗು ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗಣನೀಯ ಪ್ರಮಾಣದ, ಅಂದರೆ ಶೇ 40ಕ್ಕೆ ಕಡಿಮೆಯಿಲ್ಲದ, ಅಂಗವೈಕಲ್ಯವಿರುವ ಮಕ್ಕಳ ಉಚಿತ ಶಿಕ್ಷಣದ ಹಕ್ಕನ್ನು 18 ವರ್ಷದವರೆಗೂ ಚಾಚಿದೆ. ಮಾತು, ಶ್ರವಣದ ತೊಂದರೆಯ ಮೌಲ್ಯಮಾಪನಕ್ಕೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಊರಲ್ಲೇ ಇದೆ. ಮುಂದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವ ಸಹಾಯಕರು ಸಿಗಬೇಕಾದರೆ ಅಂಗವೈಕಲ್ಯದ ಪ್ರಮಾಣಪತ್ರ ಕೈಯಲ್ಲಿರಬೇಕು. ಅದನ್ನು ಹತ್ತನೇ ತರಗತಿಯ ಅರ್ಜಿ ತುಂಬುವ ವಾರದಲ್ಲಿ ಹುಡುಕಲು ಹೊರಡಬೇಡಿ.

ನಾಲ್ಕೈದು ಮನೆಯವರು ಸೇರಿ ಒಂದು ಮನೆ ಬಾಡಿಗೆಗೆ ಹಿಡಿದು, ಶಿಕ್ಷಕರನ್ನಿಟ್ಟು, ಅದಕ್ಕೊಂದು ಹೆಸರಿಟ್ಟು ‘ಹೋಮ್‌ಸ್ಕೂಲ್ ಕೇಂದ್ರ’ ಎನ್ನುವುದುಂಟು. ಅಲ್ಲಿಗೆ ಬರುವವರು 14ರ ಒಳಗಿನ ಮಕ್ಕಳಾದರೆ ಎಚ್ಚರ. ಮಾನ್ಯತೆ ಇಲ್ಲದೆ ಶಾಲೆ ನಡೆಸುವವರಿಗೆ ಆರ್‌ಟಿಇಯ 18ನೇ ಸೆಕ್ಷನ್ ಒಂದು ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿ ವಿಧಿಸುತ್ತದೆ. ಬೋರ್ಡಿನ ಮೇಲೆ ಏನು ಬರೆದಿದೆ ಎಂಬುದಕ್ಕಿಂತ ಒಳಗೆ ಏನು ನಡೆಯುತ್ತದೆ ಎಂಬುದು ಮುಖ್ಯವಾಗುತ್ತದೆ.

14ರ ನಂತರ

ಮಗುವಿಗೆ 14 ತುಂಬಿದ ಮೇಲೆ ಆರ್‌ಟಿಇಯ ಕಡ್ಡಾಯ ಮುಗಿದಿರುತ್ತದೆ, ದಾರಿ ಸಲೀಸು. ಪರೀಕ್ಷೆ ಯಾವುದು ಎಂಬುದೇ ಇಲ್ಲಿಂದ ಪ್ರಶ್ನೆ. ಸಿಬಿಎಸ್‌ಇ ಹತ್ತನೇ ತರಗತಿಗೆ ಮೈಸೂರಿನಿಂದ ಮನೆಯಲ್ಲಿ ಓದಿ ನೇರವಾಗಿ ಕೂರಲು ಆಗದು. ಕೇಂಬ್ರಿಡ್ಜ್ ಪರೀಕ್ಷೆಗೆ ಖಾಸಗಿಯಾಗಿ ಕೂರಬಹುದು, ಖರ್ಚು ಮಾತ್ರ ದೊಡ್ಡದು. ಉಳಿದದ್ದು ಎರಡು: ರಾಜ್ಯದ ಎಸ್‌ಎಸ್‌ಎಲ್‌ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕೂರುವುದು ಮತ್ತು ರಾಷ್ಟ್ರೀಯ ಮುಕ್ತ ವಿದ್ಯಾಲಯ ಸಂಸ್ಥೆ, ಅಂದರೆ ಎನ್‌ಐಒಎಸ್.

ಎಸ್‌ಎಸ್‌ಎಲ್‌ಸಿಯನ್ನು ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ. ಖಾಸಗಿ ಅಭ್ಯರ್ಥಿಯ ವಯಸ್ಸು, ಹಿಂದಿನ ಓದಿನ ಷರತ್ತು, ಕೊನೆಯ ದಿನಾಂಕ ಎಲ್ಲವೂ ಪ್ರತಿ ವರ್ಷದ ಅಧಿಸೂಚನೆಯಲ್ಲಿ ಇರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಗೆ ಇಲ್ಲಿನ ಕಾಲೇಜಿಗೇ ಸೇರುವ ಮಗುವಿಗೆ ನಾನು ಈ ದಾರಿಯನ್ನೇ ಹೇಳುತ್ತೇನೆ.

ಎನ್‌ಐಒಎಸ್ 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮಂಡಳಿ. ಸೆಕೆಂಡರಿ, ಅಂದರೆ ಹತ್ತನೆಯ ಮಟ್ಟಕ್ಕೆ ಕನಿಷ್ಠ ವಯಸ್ಸು 14. ಎಂಟನೇ ತರಗತಿಯ ಪ್ರಮಾಣಪತ್ರ ಇಲ್ಲದವರು ಈ ಮಟ್ಟಕ್ಕೆ ಸಾಕಷ್ಟು ಓದಿದ್ದೇನೆ ಎಂದು ಸ್ವಯಂ ದೃಢೀಕರಣ ಕೊಟ್ಟರೂ ಆಗುತ್ತದೆ. ಐದು ವಿಷಯ, ಅದರಲ್ಲಿ ಕನಿಷ್ಠ ಒಂದು ಭಾಷೆ. ಕನ್ನಡವನ್ನು ಭಾಷೆಯಾಗಿ ಆರಿಸಿಕೊಳ್ಳಬಹುದು. ಪಾಸಿಗೆ ಶೇ 33. ನೋಂದಣಿ ಐದು ವರ್ಷ ಊರ್ಜಿತ, ಒಂಬತ್ತು ಸಲ ಪರೀಕ್ಷೆಗೆ ಅವಕಾಶ, ವಿಷಯಗಳನ್ನು ಒಂದೊಂದಾಗಿ ಮುಗಿಸಲೂಬಹುದು. ಬೆಳಿಗ್ಗೆ ಸಂಜೆ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ಓಡುವ ಹುಡುಗನಿಗೋ ದಿನಕ್ಕೆ ಐದು ಗಂಟೆ ಸಾಧನೆ ಮಾಡುವ ಹುಡುಗಿಗೋ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಕ್ಕದು.

ದಿನಾಂಕಗಳ ಲೆಕ್ಕ ಮಾತ್ರ ಮೊದಲೇ ಹಾಕಿಕೊಳ್ಳಿ. ಎನ್‌ಐಒಎಸ್ ಪರೀಕ್ಷೆ ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್‌ನಲ್ಲಿ. ಏಪ್ರಿಲ್‌ನಲ್ಲಿ ಬರೆದವರ ಫಲಿತಾಂಶ ಬರುವಷ್ಟರಲ್ಲಿ ಇಲ್ಲಿನ ಪಿಯು ಕಾಲೇಜುಗಳಲ್ಲಿ ಪ್ರವೇಶ ಬಹುಪಾಲು ಮುಗಿಯುತ್ತ ಬಂದಿರುತ್ತದೆ. ಪಿಯುಗೆ ಸೇರುವ ಯೋಚನೆ ಇದ್ದರೆ ಹಿಂದಿನ ಅಕ್ಟೋಬರ್‌ನಲ್ಲೇ ಪರೀಕ್ಷೆ ಮುಗಿಸಿ, ಮಾರ್ಕ್ಸ್ ಕಾರ್ಡ್ ಜೊತೆ ಬರುವ ಮೈಗ್ರೇಶನ್ ಪ್ರಮಾಣಪತ್ರ ಜೋಪಾನ ಮಾಡಿ. ಎನ್‌ಐಒಎಸ್‌ನಲ್ಲೇ ಹನ್ನೆರಡನ್ನೂ ಮುಗಿಸುವುದಾದರೆ ಹತ್ತು ಪಾಸಾಗಿ ಎರಡು ವರ್ಷ ಕಳೆಯುವ ತನಕ ಐದೂ ವಿಷಯ ಬರೆಯಲಾಗದು. ರಾಜ್ಯದ ದ್ವಿತೀಯ ಪಿಯುಸಿಗೆ ಖಾಸಗಿಯಾಗಿ ಕಟ್ಟುವ ಅವಕಾಶ ಕಲಾ, ವಾಣಿಜ್ಯ ವಿಭಾಗಗಳಿಗಷ್ಟೇ, ವಿಜ್ಞಾನಕ್ಕೆ ಇಲ್ಲ.

ಡಾಕ್ಟರಾಗಲು ಎನ್‌ಐಒಎಸ್ ನಡೆಯುವುದಿಲ್ಲವಂತೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ಮುಕ್ತ ಶಾಲೆಯವರನ್ನು ನೀಟ್‌ನಿಂದ ಹೊರಗಿಡುವ ನಿಯಮ ಬಂದಿದ್ದು ನಿಜ. ದೆಹಲಿ ಹೈಕೋರ್ಟ್ ಅದನ್ನು 2018ರಲ್ಲಿ ರದ್ದುಪಡಿಸಿತು. ಮಾನ್ಯತೆ ಪಡೆದ ಮುಕ್ತ ಶಾಲೆಯಲ್ಲಿ ಓದಿದವರು ನೀಟ್ ಬರೆಯಬಹುದು ಎಂಬುದು 2024ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಯಿತು.

ಮಾನ್ಯತೆ ಎಂಬ ಪದದ ಬೆಲೆಯನ್ನು ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಕ್ತಗಂಗೋತ್ರಿಯ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆಯನ್ನು ಯುಜಿಸಿ 2015ರಲ್ಲಿ ಹಿಂತೆಗೆದುಕೊಂಡು 2018ರಲ್ಲಿ ಮರಳಿ ಕೊಡುವವರೆಗೆ ಓದಿದವರು ಪಟ್ಟ ಪಾಡನ್ನು ಈ ಊರು ಕಂಡಿದೆ. ಹಾಗಾಗಿ ‘ಮನೆಯಲ್ಲೇ ಕೂತು ಹತ್ತು ಪಾಸ್’ ಎಂದು ಗೋಡೆಗೆ ಅಂಟಿಸಿದ ಚೀಟಿ ಕಂಡರೆ ಮಂಡಳಿಯ ಪೂರ್ತಿ ಹೆಸರು ಕೇಳಿ. ‘ಬೋರ್ಡ್’, ‘ನ್ಯಾಷನಲ್’, ‘ಓಪನ್’ ಎಂಬ ಪದಗಳನ್ನು ಜೋಡಿಸಿಕೊಂಡ ನಕಲಿ ಮಂಡಳಿಗಳು ಬಹಳ. ಎನ್‌ಐಒಎಸ್‌ನ ಶುಲ್ಕವನ್ನು ಅದರ ಜಾಲತಾಣದಲ್ಲೇ ಕಟ್ಟಬಹುದು, ನಡುವೆ ಏಜೆಂಟ್ ಬೇಕಿಲ್ಲ.

ಏಳು ವರ್ಷದ ಲೆಕ್ಕ

ಪೋಷಕರು ಹೆಚ್ಚಾಗಿ ಎಡವುವ ಜಾಗ ಸಿಇಟಿ, ಅಂದರೆ ವೃತ್ತಿಪರ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮುಖ್ಯ ಅರ್ಹತಾ ನಿಯಮದಂತೆ ಅಭ್ಯರ್ಥಿ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯ ನಡುವೆ ಕನಿಷ್ಠ ಏಳು ವರ್ಷ ಕರ್ನಾಟಕದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಓದಿರಬೇಕು. ಹತ್ತನೆಯದನ್ನೋ ಹನ್ನೆರಡನೆಯದನ್ನೋ ಈ ರಾಜ್ಯದಲ್ಲಿ ಪಾಸು ಮಾಡಿರಬೇಕು. ಸರಸ್ವತಿಪುರಂನ ಮನೆಯಲ್ಲಿ ಕೂತು ಓದಿದ ವರ್ಷ ಈ ಲೆಕ್ಕಕ್ಕೆ ಸೇರದು. ಏಳನೇ ತರಗತಿ ಮುಗಿಸಿ ಶಾಲೆ ಬಿಟ್ಟ ಮಗುವಿಗೆ ಏಳು ವರ್ಷ ಆಗಲೇ ಇದೆ. ಐದಕ್ಕೆ ಬಿಟ್ಟು ಪಿಯುಸಿಗೆ ಇಲ್ಲಿನ ಕಾಲೇಜು ಸೇರಿದರೆ ಐದು ಮತ್ತು ಎರಡು, ಏಳು. ನಾಲ್ಕಕ್ಕೇ ಬಿಟ್ಟಿದ್ದರೆ ಒಂದು ವರ್ಷ ಕಡಿಮೆ ಬೀಳುತ್ತದೆ, ಆ ಒಂದು ವರ್ಷಕ್ಕೆ ಸರ್ಕಾರಿ ಸೀಟೇ ಕೈತಪ್ಪಬಹುದು. ಬೇರೆ ಉಪನಿಯಮಗಳೂ ಇವೆ, ಆಯಾ ವರ್ಷದ ಕೆಇಎ ಮಾಹಿತಿ ಪುಸ್ತಕ ಓದಿಯೇ ತೀರ್ಮಾನಿಸಿ. ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿಗಳೂ ಶಾಲೆಯ ಸ್ಟಡಿ ಸರ್ಟಿಫಿಕೇಟಿನ ಮೇಲೇ ನಿಂತಿವೆ. ಅದಕ್ಕೆ ಬಿಇಒ ಮೇಲುಸಹಿ ಬೇಕು. ಶಾಲೆ ಬಿಡುವ ದಿನವೇ ಓದಿದ ಅಷ್ಟೂ ವರ್ಷದ ಸರ್ಟಿಫಿಕೇಟ್ ಬರೆಸಿಕೊಂಡುಬಿಡಿ. ಐದಾರು ವರ್ಷ ಕಳೆದರೆ ಮುಖ್ಯಶಿಕ್ಷಕರು ಬದಲಾಗಿರುತ್ತಾರೆ, ಕೆಲವು ಶಾಲೆ ಮುಚ್ಚಿಯೂ ಇರುತ್ತದೆ.

ಟಿಸಿಯಲ್ಲಿ (ವರ್ಗಾವಣೆ ಪತ್ರ) ಮಗುವಿನ ಸ್ಯಾಟ್ಸ್ ಸಂಖ್ಯೆ, ಅಂದರೆ ಇಲಾಖೆಯ ವಿದ್ಯಾರ್ಥಿ ದಾಖಲೆಯ ಸಂಖ್ಯೆ, ಇದೆಯೇ ನೋಡಿ. ಎಂಟನೇ ತರಗತಿಯೊಳಗೆ ಬೇರೆ ಶಾಲೆಗೆ ಸೇರಿಸುವುದಾದರೆ ಟಿಸಿಯನ್ನು ಕೂಡಲೇ ಕೊಡುವುದು ಮುಖ್ಯಶಿಕ್ಷಕರ ಕರ್ತವ್ಯ. ತಡ ಮಾಡಿದವರ ಮೇಲೆ ಶಿಸ್ತುಕ್ರಮಕ್ಕೆ ಆರ್‌ಟಿಇಯ 5ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಟಿಸಿ ಬಂದಿಲ್ಲವೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತೆಯೂ ಇಲ್ಲ.

ಇತ್ತೀಚೆಗೆ ಒಬ್ಬ ತಾಯಿ ಮಗಳ ಕಾಗದಗಳನ್ನು ಮೇಜಿನ ಮೇಲೆ ಹರಡಿದರು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ, ಬರೀ ತಂದೆತಾಯಿಯ ಹೆಸರು. ಆಧಾರ್‌ನಲ್ಲಿ ಹೆಸರಿನ ಕೊನೆಗೆ ಎರಡು ಇನಿಶಿಯಲ್. ಟಿಸಿಯಲ್ಲಿ ಒಂದೇ ಇನಿಶಿಯಲ್, ಅದೂ ಹೆಸರಿಗೆ ಮೊದಲು. ನಮ್ಮ ಕಡೆ ಇದು ಮನೆಮನೆಯ ಕಥೆ. ಶಾಲೆಯಲ್ಲಿದ್ದರೆ ಹತ್ತನೆಯ ಅರ್ಜಿಯ ಹೊತ್ತಿಗೆ ಗುಮಾಸ್ತರು ಕರೆದು ತಿದ್ದಿಸುತ್ತಾರೆ, ಮನೆಯಲ್ಲಿ ಓದುವವರಿಗೆ ಆ ಗುಮಾಸ್ತರೂ ನೀವೇ. ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿಸಲು ನೋಂದಣಿಯಾದ ದಿನದಿಂದ 15 ವರ್ಷದ ಗಡಿ ಇದೆ. ಆ ಹುಡುಗಿಗೆ ಆಗಲೇ 14 ದಾಟಿತ್ತು! ಮಹಾನಗರ ಪಾಲಿಕೆಯ ಜನನ–ಮರಣ ವಿಭಾಗಕ್ಕೆ ಮೊದಲು ಹೋಗಿ, ಆಮೇಲೆ ಆಧಾರ್ ಸರಿಪಡಿಸಿ, ಕೊನೆಗೆ ಪರೀಕ್ಷೆಗೆ ನೋಂದಾಯಿಸಿ ಎಂದು ಕ್ರಮ ಹೇಳಿ ಕಳಿಸಿದೆ. ಹತ್ತನೆಯ ಮಾರ್ಕ್ಸ್ ಕಾರ್ಡಿನಲ್ಲಿ ಅಚ್ಚಾದ ಹೆಸರು, ಹುಟ್ಟಿದ ದಿನಾಂಕ ಪಾಸ್‌ಪೋರ್ಟಿನಿಂದ ನೌಕರಿಯವರೆಗೂ ಬೆನ್ನುಬಿಡುವುದಿಲ್ಲ. ತಿದ್ದಿಸಲು ಕೋರ್ಟು ಅಲೆಯುವವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಕೆಲಸದ ಬಗೆಗೂ ಒಂದು ಮಾತು. ಮನೆಯಲ್ಲಿದ್ದಾನಲ್ಲ ಎಂದು ಮಗನನ್ನು ಅಂಗಡಿಗೆ ಕೂರಿಸುವುದು ಸುಲಭ. ಬಾಲಕಾರ್ಮಿಕ ಕಾಯ್ದೆಗೆ ಬಂದ 2016ರ ತಿದ್ದುಪಡಿಯ ನಂತರ 14ರ ಒಳಗಿನ ಮಗು ಮನೆಯ ಕಸುಬಿಗೆ ನೆರವಾಗಬಹುದಾದದ್ದು ಶಾಲೆಯ ಅವಧಿಯ ಆಚೆಗೆ, ರಜೆಯಲ್ಲಿ, ಅದೂ ಅಪಾಯಕಾರಿಯಲ್ಲದ ಕೆಲಸಕ್ಕೆ ಮಾತ್ರ. 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು: 21ಎ ವಿಧಿ ಹಕ್ಕು ಕೊಟ್ಟಿರುವುದು ಮಗುವಿಗೆ. ತಂದೆತಾಯಿಗೆ ಸಂವಿಧಾನದ 51ಎ ವಿಧಿ ಕೊಟ್ಟಿರುವುದು ಕರ್ತವ್ಯ. ಮನೆಯಲ್ಲಿ ಓದುವ ತೀರ್ಮಾನಕ್ಕೆ ಮಗುವಿನ ಒಪ್ಪಿಗೆ ಇರಬೇಕು, ಆ ಒಪ್ಪಿಗೆಯನ್ನು ಪ್ರತಿ ವರ್ಷ ಮತ್ತೆ ಕೇಳಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಒತ್ತಿ ಹೇಳುತ್ತೇನೆ. ದೊಡ್ಡವಳಾದಳೆಂದು ಶಾಲೆ ಬಿಡಿಸಿ, ಕೇಳಿದವರಿಗೆ ಹೋಮ್‌ಸ್ಕೂಲಿಂಗ್ ಎನ್ನುವ ಮನೆಗಳೂ ಇವೆ. ಆ ಹುಡುಗಿಗೆ ಮರಳಿ ಶಾಲೆಗೆ ಹೋಗುವ ಆಸೆ ಇದ್ದು ಇನ್ನೂ 14 ತುಂಬಿರದಿದ್ದರೆ, ವಯಸ್ಸಿಗೆ ತಕ್ಕ ತರಗತಿಗೆ ಸೇರುವ ಹಕ್ಕನ್ನು ಆರ್‌ಟಿಇಯ 4ನೇ ಸೆಕ್ಷನ್ ಕೊಡುತ್ತದೆ. ಹಾಗೆ ಸೇರಿದವಳ ಎಂಟನೇ ತರಗತಿವರೆಗಿನ ಓದು 14 ದಾಟಿದ ಮೇಲೂ ಉಚಿತ. ವರ್ಷದ ನಡುವೆ ಬಂದಳೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ಶಾಲೆ ವಾಪಸು ಕಳಿಸುವಂತಿಲ್ಲ. ಮನೆಯಲ್ಲಿ ಒತ್ತಡವಿದ್ದರೆ 1098ಕ್ಕೆ ಅವಳೇ ಕರೆ ಮಾಡಬಹುದು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಸೆಕ್ಷನ್ ಪ್ರಕಾರ ಮಕ್ಕಳಿಗೂ ಮಹಿಳೆಯರಿಗೂ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಮೈಸೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ನ್ಯಾಯಾಲಯದ ಆವರಣದಲ್ಲಿದೆ, ಸಹಾಯವಾಣಿ 15100.