ಹಗಲು ಹಂಪಿ, ರಾತ್ರಿ ರೈಲು

ಮಳೆಗಾಲ ಕಳೆದು ಚಳಿ ಬಿದ್ದರೆ ನವ ಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುವ ಕಾಲ. ಬೆಳಗ್ಗೆ ದಡಕ್ಕಿಳಿದವರು ಬಸ್ಸು ಹತ್ತಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ದಾರಿಯಲ್ಲೊಂದು ಗೇರುಬೀಜದ ಕಾರ್ಖಾನೆ ನೋಡಿಕೊಂಡು ಸಂಜೆಯೊಳಗೆ ಹಡಗಿಗೆ ಮರಳುತ್ತಾರೆ. ಊಟ, ನಿದ್ದೆ, ಮನರಂಜನೆ ಎಲ್ಲವೂ ಹಡಗಿನಲ್ಲೇ. ಬೆಳಗಾಗುವಷ್ಟರಲ್ಲಿ ಇನ್ನೊಂದು ಬಂದರು. ಊರೂರಿಗೆ ಲಾಡ್ಜ್ ಹುಡುಕುವ, ದಿನಾ ಗಂಟುಮೂಟೆ ಬಿಚ್ಚಿ ಕಟ್ಟುವ ತಾಪತ್ರಯವಿಲ್ಲ.

ಹೊಸಪೇಟೆಗೆ ಸಮುದ್ರವಿಲ್ಲ, ಆದರೂ ಈ ಬಗೆಯ ಪ್ರವಾಸ ಇಲ್ಲಿಗೆ 2008ರಲ್ಲೇ ಬಂತು, ಹಳಿಯ ಮೇಲೆ. ಪಕ್ಕದ ಹಂಪಿಯ ವಿಠಲ ದೇವಸ್ಥಾನದ ಕಲ್ಲಿನ ರಥದಿಂದ ಹೆಸರು ಪಡೆದ 'ಗೋಲ್ಡನ್ ಚಾರಿಯಟ್' ರೈಲು ರಾತ್ರಿ ಓಡುತ್ತದೆ, ಹಗಲು ನಿಲ್ಲುತ್ತದೆ. ಅದರ ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂದು ರಾಜವಂಶಗಳ ಹೆಸರು. ಊಟದ ಮನೆಗಳು 'ನಳ' ಮತ್ತು 'ರುಚಿ', ಬಾರಿಗೆ 'ಮದಿರಾ', ವ್ಯಾಯಾಮ ಮತ್ತು ಮಾಲೀಸಿನ ಬೋಗಿಗೆ 'ಆರೋಗ್ಯ'. ನಡುವೆ ಕೆಲವು ವರ್ಷ ನಿಂತದ್ದು 2024ರ ಡಿಸೆಂಬರ್‌ನಲ್ಲಿ ಮತ್ತೆ ಹೊರಟಾಗ ಐದು ರಾತ್ರಿಯ 'ಪ್ರೈಡ್ ಆಫ್ ಕರ್ನಾಟಕ' ಪ್ರವಾಸಕ್ಕೆ ತಲಾ ನಾಲ್ಕು ಲಕ್ಷ ರೂಪಾಯಿಯ ಆಸುಪಾಸು ದರವಿತ್ತು. ಊಟ, ಗೈಡು, ಪ್ರವೇಶ ಶುಲ್ಕ ಎಲ್ಲ ಅದರಲ್ಲೇ ಸೇರಿತ್ತು. ಕೊಡುವ ಶಕ್ತಿಯಿದ್ದವರು ಐಆರ್‌ಸಿಟಿಸಿಯಲ್ಲಿ ಬುಕ್ ಮಾಡಬಹುದು. ಅವರಿಗೆ ಈ ಲೇಖನದ ಅಗತ್ಯ ಅಷ್ಟಾಗಿ ಇಲ್ಲ.

ಉಳಿದವರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ. ಮೈಸೂರಿನಿಂದ ಸಂಜೆ, ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಗ್ಗೆ ಏಳರ ಸುಮಾರಿಗೆ ಹೊಸಪೇಟೆಗೆ ಬಿಡುತ್ತದೆ. ಹುಬ್ಬಳ್ಳಿ ಕಡೆಯಿಂದ ವಾಪಸು ಬರುವ ಜೋಡಿ ರೈಲು ರಾತ್ರಿ ಒಂಬತ್ತರ ಹೊತ್ತಿಗೆ ಅದೇ ಹೊಸಪೇಟೆಯಿಂದ ಹತ್ತಿಸಿಕೊಂಡು ಬೆಳಗಿನ ಜಾವ ಬೆಂಗಳೂರು ಮುಟ್ಟಿಸುತ್ತದೆ. ನಡುವೆ ಹೆಚ್ಚೂಕಡಿಮೆ ಹದಿನಾಲ್ಕು ಗಂಟೆ ನಿಮ್ಮದು. ಎರಡು ರಾತ್ರಿ ರೈಲಿನಲ್ಲಿ, ಒಂದು ಹಗಲು ನೆಲದ ಮೇಲೆ. ರೂಮಿನ ಬಾಡಿಗೆ ಉಳಿಯಿತು, ಶನಿವಾರ ರಾತ್ರಿ ಹೋಗಿ ಸೋಮವಾರ ಬೆಳಗ್ಗೆ ಆಫೀಸಿಗೆ ಹಾಜರಾಗಲೂಬಹುದು.

ಹತ್ತುವ ಮುಂಚೆ

ಮೊದಲು ವಾಪಸು ಟಿಕೆಟ್ ತೆಗೆಯಿರಿ, ಆಮೇಲೆ ಹೋಗುವ ಟಿಕೆಟ್. ಭಾನುವಾರ ರಾತ್ರಿ ಬೆಂಗಳೂರಿಗೆ ಹೊರಡುವ ಜನ ಜಾಸ್ತಿ, ವೇಟಿಂಗ್ ಲಿಸ್ಟಿನಲ್ಲಿ ಸಿಕ್ಕಿಕೊಂಡರೆ ಇಡೀ ದಿನ ಕಲ್ಲು ನೋಡುವ ಬದಲು ಮೊಬೈಲ್ ನೋಡುತ್ತ ಕಳೆಯಬೇಕಾಗುತ್ತದೆ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ, ಲೆಕ್ಕ ಹಾಕಿಕೊಳ್ಳಿ. ಸಾಧ್ಯವಾದರೆ ಶುಕ್ರವಾರ ತಪ್ಪಿಸಿ, ಹಂಪಿ ಪಕ್ಕದ ಕಮಲಾಪುರದ ಮ್ಯೂಸಿಯಂಗೆ ಅಂದು ರಜೆ.

ಬ್ಯಾಗು ಒಂದೇ ಇರಲಿ, ಅದೂ ಹೆಗಲಿಗೆ ಹಾಕುವಂಥದ್ದು. ಹಗಲೆಲ್ಲ ಅದು ನಿಮ್ಮ ಜೊತೆಗೇ ಇರುತ್ತದೆ, ಇಲ್ಲವೇ ಆಟೊದ ಹಿಂಬದಿಯಲ್ಲಿರುತ್ತದೆ. ಒಂದು ಜೊತೆ ಬಟ್ಟೆ, ಟವೆಲ್, ಟೋಪಿ, ನೀರಿನ ಬಾಟಲಿ, ಆಧಾರ್ ಕಾರ್ಡು, ಒಂದಿಷ್ಟು ಚಿಲ್ಲರೆ ನೋಟು. ಮರೆಯಬಾರದ್ದು ಹಳೆಯ ದಪ್ಪ ಕಾಲುಚೀಲ. ವಿರೂಪಾಕ್ಷನ ಅಂಗಳದಲ್ಲಿ ಚಪ್ಪಲಿ ಬಿಟ್ಟು ಮಧ್ಯಾಹ್ನದ ಹಾಸುಗಲ್ಲಿನ ಮೇಲೆ ಹೆಜ್ಜೆಯಿಟ್ಟವರು ನೆರಳಿಂದ ನೆರಳಿಗೆ ಕುಪ್ಪಳಿಸುವುದನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ.

ರೈಲಿನ ಸಂಜೆ

ಸಂಜೆಯನ್ನು ರೈಲಿನಲ್ಲೇ ಅನುಭವಿಸಬೇಕೆಂದರೆ ಮೈಸೂರಿನಲ್ಲೋ ಮಂಡ್ಯದಲ್ಲೋ ಹತ್ತಬೇಕು. ಬೆಂಗಳೂರಿನಲ್ಲಿ ಹತ್ತಿದವರಿಗೆ ಬುತ್ತಿ ಬಿಚ್ಚುವಷ್ಟರಲ್ಲಿ ಮಲಗುವ ಹೊತ್ತಾಗಿರುತ್ತದೆ. ಊಟ ಮನೆಯಿಂದಲೇ ಬರಲಿ: ಪುಳಿಯೋಗರೆ, ಚಪಾತಿ, ಒಣ ಪಲ್ಯ, ಯಾವುದಾದರೂ ಸರಿ, ಸಾರು ಚೆಲ್ಲುವಂಥದ್ದು ಬೇಡ. ನಡು ಬರ್ತ್ ಎತ್ತಿ ಕಟ್ಟಿಕೊಳ್ಳುವ ಹಕ್ಕು ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಎಂಬುದು ರೈಲ್ವೆಯ ನಿಯಮ. ಹತ್ತರ ನಂತರ ಜೋರಾಗಿ ಹಾಡು ಹಾಕುವಂತಿಲ್ಲ, ಗುಂಪಿನಲ್ಲಿ ಹರಟುವವರು ಇದನ್ನು ನೆನಪಿಟ್ಟುಕೊಂಡರೆ ಪಕ್ಕದ ಬರ್ತಿನ ಅಜ್ಜಿಯ ಬೈಗುಳ ತಪ್ಪುತ್ತದೆ.

ರೈಲು ಹಿಂದೂಪುರ, ಅನಂತಪುರ, ಗುಂತಕಲ್ ಎಂದು ಆಂಧ್ರದೊಳಗೆ ಸುತ್ತುಹಾಕಿ ಬಳ್ಳಾರಿಗೆ ಬರುತ್ತದೆ, ಅದೆಲ್ಲ ನಿದ್ದೆಯಲ್ಲೇ ಕಳೆದುಹೋಗುತ್ತದೆ. ಅಲಾರಂ ಇಡಬೇಕಾದ್ದು ಬಳ್ಳಾರಿಗೆ. ಅಲ್ಲಿಂದ ಮುಂದೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಚಿಮಣಿಗಳು, ಎಡಗಡೆ ಸಂಡೂರಿನ ಬೆಟ್ಟಸಾಲು. ಮುಖ ತೊಳೆಯುವುದು, ಹಲ್ಲುಜ್ಜುವುದು ರೈಲಿನಲ್ಲೇ ಮುಗಿಯಲಿ; ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ಬೆಳಗ್ಗೆ ಸರದಿ ಉದ್ದವಿರುತ್ತದೆ. ಮಕ್ಕಳು, ವಯಸ್ಸಾದವರು ಜೊತೆಯಿದ್ದರೆ ಸ್ಟೇಷನ್ ರಸ್ತೆಯ ಲಾಡ್ಜಿನಲ್ಲಿ ಸ್ನಾನಕ್ಕೆಂದು ಕೆಲವು ಗಂಟೆಗೆ ರೂಮು ಕೇಳಿ ನೋಡಿ.

ಇಳಿದ ಮೇಲೆ ಮೊದಲ ಗಂಟೆ

ತಿಂಡಿ ಹೊಸಪೇಟೆಯಲ್ಲೇ ಆಗಲಿ. ಈ ಸೀಮೆಗೆ ಬಂದು ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನದೆ ಹೋಗಬಾರದು. ನೆನೆಸಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಹುರಿಗಡಲೆ ಪುಡಿ ಬಿದ್ದು ಅರಿಶಿನ ಬಣ್ಣಕ್ಕೆ ತಿರುಗಿದ ಒಗ್ಗರಣಿಯ ತಟ್ಟೆ, ಅಂಚಿನಲ್ಲಿ ಎಣ್ಣೆಯಿಂದ ಆಗಷ್ಟೇ ಎತ್ತಿದ ಬಜ್ಜಿ. ಖಾರ ಆಗದವರಿಗೆ ಇಡ್ಲಿ ಎಲ್ಲೆಲ್ಲೂ ಉಂಟು.

ಹಂಪಿ ಇಲ್ಲಿಂದ ಹದಿಮೂರು ಕಿಲೋಮೀಟರ್. ಬಸ್ ಸ್ಟ್ಯಾಂಡಿನಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು ಹೋಗುತ್ತಲೇ ಇರುತ್ತವೆ. ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಟಿಕೆಟ್ಟಿಲ್ಲ, ಆಧಾರ್ ತೋರಿಸಿದರಾಯಿತು. ಆದರೆ ಒಂದೇ ದಿನ ಕೈಯಲ್ಲಿರುವವರಿಗೆ ನನ್ನ ಸಲಹೆ ಆಟೊ. ಹಂಪಿಯ ಸ್ಮಾರಕಗಳು ಒಂದೆಡೆ ಗುಡ್ಡೆ ಬಿದ್ದಿಲ್ಲ, ವಿಠಲನಿಂದ ಕಮಲಾಪುರಕ್ಕೆ, ಅಲ್ಲಿಂದ ವಿರೂಪಾಕ್ಷನಿಗೆ ನಡೆಯುತ್ತ ಕೂತರೆ ಹೊತ್ತು ಮುಳುಗುತ್ತದೆ.

"ಎಷ್ಟು ಪಾಯಿಂಟ್ ಸಾರ್?" ಎನ್ನುವುದು ಆಟೊದವರ ಮೊದಲ ಪ್ರಶ್ನೆ. ಪಾಯಿಂಟುಗಳ ಲೆಕ್ಕಕ್ಕೆ ಬೀಳಬೇಡಿ. ಇಷ್ಟು ಜಾಗ, ಊಟಕ್ಕೆ ನಿಲ್ಲಿಸಬೇಕು, ಸೂರ್ಯಾಸ್ತದ ತನಕ ಕಾಯಬೇಕು, ಕೊನೆಗೆ ಹೊಸಪೇಟೆ ಸ್ಟೇಷನ್ನಿಗೇ ಬಿಡಬೇಕು, ಪಾರ್ಕಿಂಗ್ ಯಾರದ್ದು ಎಂಬುದನ್ನೆಲ್ಲ ಸೇರಿಸಿ ಒಂದೇ ಮೊತ್ತಕ್ಕೆ ಮಾತಾಡಿ ಮುಗಿಸಿ. ನಿಮ್ಮ ರೈಲಿನ ಹೊತ್ತನ್ನು ಅವರಿಗೆ ಹೇಳಿಬಿಡಿ. ಊರಿನ ರಸ್ತೆ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

ಯಾವುದು ಮೊದಲು, ಯಾವುದು ಬೇಡ

ಹಂಪಿ, ಆನೆಗೊಂದಿ, ಅಂಜನಾದ್ರಿ, ತುಂಗಭದ್ರಾ ಅಣೆಕಟ್ಟು, ಸಂಡೂರು ಎಲ್ಲವನ್ನೂ ಒಂದೇ ದಿನಕ್ಕೆ ತುರುಕುವ ಪಟ್ಟಿಗಳು ವಾಟ್ಸ್ಯಾಪಿನಲ್ಲಿ ಓಡಾಡುತ್ತವೆ. ಅವುಗಳ ಪ್ರಕಾರ ಹೊರಟವರು ನೋಡುವುದು ಮುಖ್ಯವಾಗಿ ಡಾಂಬರು. ಅಂಜನಾದ್ರಿಯೊಂದಕ್ಕೇ ಐನೂರು ಚಿಲ್ಲರೆ ಮೆಟ್ಟಿಲು, ಅದೂ ನದಿಯ ಆಚೆ. ಮೊದಲ ಸಲ ಬಂದವರಿಗೆ ಹೊಳೆಯ ಈಚೆಯ ಹಂಪಿಯೇ ಸಾಕು, ಅದರಲ್ಲೂ ಆಯ್ದು ನೋಡಿದರೆ ಮಾತ್ರ. ಮಾತಂಗ ಬೆಟ್ಟದ ಸೂರ್ಯೋದಯ ಏಳಕ್ಕೆ ರೈಲಿಳಿಯುವವರಿಗೆ ಹೇಗೂ ದಕ್ಕುವುದಿಲ್ಲ.

ಬೆಳಗಿನ ತಂಪು ವಿಠಲನಿಗೆ ಮೀಸಲು. ಟಿಕೆಟ್ ಕೌಂಟರ್ ತೆರೆದ ಕೂಡಲೇ ಅಲ್ಲಿರಿ. ಭಾರತೀಯರಿಗೆ 40 ರೂಪಾಯಿ, ಹದಿನೈದರೊಳಗಿನ ಮಕ್ಕಳಿಗೆ ಇಲ್ಲ. ಈ ಚೀಟಿಯನ್ನು ಎಸೆಯಬೇಡಿ, ಅದೇ ದಿನ ಜನಾನಾ ಆವರಣಕ್ಕೂ ಕಮಲಾಪುರದ ಮ್ಯೂಸಿಯಂಗೂ ಅದೇ ನಡೆಯುತ್ತದೆ. ವಾಹನ ನಿಲ್ಲಿಸುವ ಜಾಗದಿಂದ ದೇವಸ್ಥಾನಕ್ಕೆ ಸುಮಾರು ಒಂದು ಕಿಲೋಮೀಟರ್, ಬ್ಯಾಟರಿ ಗಾಡಿ ಇದೆ. ಹೋಗುವಾಗ ಗಾಡಿಯಲ್ಲಿ ಹೋಗಿ, ಬರುವಾಗ ಬಿಸಿಲು ಏರಿರದಿದ್ದರೆ ನಡೆದು ಬನ್ನಿ. ದಾರಿಯ ಕುದುರೆಗೊಂಬೆ ಮಂಟಪ, ಪುಷ್ಕರಣಿ ಗಾಡಿಯ ವೇಗದಲ್ಲಿ ಕಣ್ಣಿಗೆ ನಿಲ್ಲುವುದಿಲ್ಲ. ಐವತ್ತು ರೂಪಾಯಿ ನೋಟಿನ ಹಿಂಬದಿಯ ರಥದೆದುರು ಎಲ್ಲರೂ ನೋಟು ಹಿಡಿದು ಫೋಟೊ ತೆಗೆಯುತ್ತಾರೆ, ನೀವೂ ತೆಗೆಯಿರಿ. ಸಂಗೀತ ಕಂಬಗಳನ್ನು ಬಡಿದು ನೋಡುವಂತಿಲ್ಲ, ಅದು ನಿಷಿದ್ಧ. ಗೈಡು ಬೇಕಿದ್ದರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೊರಳಲ್ಲಿ ಇರುವವರನ್ನೇ ಕರೆದುಕೊಳ್ಳಿ.

ಅಲ್ಲಿಂದ ಅರಮನೆಯ ಆವರಣ. ಮಹಾನವಮಿ ದಿಬ್ಬದ ಮೇಲೆ ನಿಂತು ಸುತ್ತ ಕಣ್ಣಾಡಿಸಿದರೆ ಕೆಳಗೆ ಕಪ್ಪು ಕಲ್ಲಿನ ಮೆಟ್ಟಿಲುಬಾವಿ ಕಾಣುತ್ತದೆ. 1980ರ ದಶಕದ ಉತ್ಖನನದಲ್ಲಿ ಹೊರಬಂದ ಪುಷ್ಕರಣಿ ಇದು. ಹತ್ತಿರ ಹೋಗಿ ಮೆಟ್ಟಿಲಿನ ಕಲ್ಲುಗಳ ಮುಖವನ್ನು ಗಮನಿಸಿ. ಯಾವ ಕಲ್ಲು ಯಾವ ಸಾಲಿಗೆ, ಯಾವ ದಿಕ್ಕಿಗೆ ಎಂದು ಶಿಲ್ಪಿಗಳು ಕೆತ್ತಿಟ್ಟ ಗುರುತುಗಳು ಇನ್ನೂ ಇವೆ. ಬೇರೆಲ್ಲೋ ಕಡಿದು ಸಿದ್ಧಪಡಿಸಿದ ಕಲ್ಲುಗಳನ್ನು ತಂದು ಇಲ್ಲಿ ಜೋಡಿಸಿದ್ದಾರೆ. ಪಕ್ಕದ ಹಜಾರರಾಮನ ಗೋಡೆಯ ಮೇಲೆ ರಾಮಾಯಣದ ಕಥೆ ಸಾಲುಸಾಲಾಗಿದೆ. ಹೊರಗೋಡೆಯಲ್ಲಿ ಆನೆ, ಕುದುರೆ, ಕುಣಿಯುವ ಹೆಂಗಸರ ಮೆರವಣಿಗೆ. 1520ರ ಹೊತ್ತಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬಣ್ಣಿಸಿದ ಮಹಾನವಮಿ ಹಬ್ಬ ಹೀಗೇ ಇದ್ದಿರಬೇಕು ಅನ್ನಿಸುತ್ತದೆ. ಜನಾನಾ ಆವರಣದ ಕಮಲ ಮಹಲು, ಆನೆ ಲಾಯ ನೋಡುವಷ್ಟರಲ್ಲಿ ಹೊಟ್ಟೆ ತಾಳ ಹಾಕುತ್ತಿರುತ್ತದೆ.

ಊಟ ಕಮಲಾಪುರದಲ್ಲಿ. ಸುಡುಬಿಸಿಲಿನ ಎರಡು ಗಂಟೆಯನ್ನು ಮ್ಯೂಸಿಯಂನಲ್ಲಿ ಕಳೆಯಿರಿ. ಅಲ್ಲಿ ಹಂಪಿಯ ಬೆಟ್ಟ, ಹೊಳೆ, ಕೋಟೆ ಸಾಲುಗಳ ದೊಡ್ಡ ಮಾದರಿಯೊಂದಿದೆ. ಬೆಳಗ್ಗೆ ನೋಡಿದ್ದು ಯಾವ ಮೂಲೆ, ಇನ್ನು ಹೋಗಬೇಕಾದ್ದು ಯಾವ ಮೂಲೆ ಎಂದು ಅದರ ಸುತ್ತ ತಿರುಗಿ ಪತ್ತೆ ಹಚ್ಚುವುದು ಮಕ್ಕಳಿಗೂ ಇಷ್ಟವಾಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಬರುವವರಿಗಂತೂ ಈ ವಿರಾಮ ಕಡ್ಡಾಯ.

ಬಿಸಿಲು ಇಳಿಯುತ್ತಿದ್ದಂತೆ ಹಂಪಿಯ ಕಡೆ ಹೊರಳಿ. ದಾರಿಯಲ್ಲೇ ಲಕ್ಷ್ಮೀನರಸಿಂಹ, 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದದ್ದು. ಪಕ್ಕದಲ್ಲಿ ಕಾಲುವೆಯ ನೀರಿನಲ್ಲಿ ನಿಂತ ಬಡವಿಲಿಂಗ. ಇವಿಷ್ಟಕ್ಕೆ ಅರ್ಧ ಗಂಟೆ ಸಾಕು. ವಿರೂಪಾಕ್ಷನ ಗುಡಿಯಲ್ಲಿ ದೇವರ ದರ್ಶನವಾದ ಮೇಲೆ ಹಿಂಬದಿಯ ಕತ್ತಲೆ ಕೋಣೆಗೆ ಹೋಗಿ. ಒಂದು ಸಣ್ಣ ಕಿಂಡಿಯ ಮೂಲಕ ರಾಜಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬಿದ್ದಿರುತ್ತದೆ. ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ಓಡಾಡಬೇಡಿ. ಕೋತಿಗಳು ಅರ್ಜಿ ಹಾಕುವುದಿಲ್ಲ, ನೇರ ಜಪ್ತಿ.

ಸೂರ್ಯಾಸ್ತಕ್ಕೆ ಮಾತಂಗ ಬೆಟ್ಟ ಹತ್ತಲು ಹಲವರು ಹೊರಡುತ್ತಾರೆ. ರೈಲು ಹಿಡಿಯಬೇಕಾದವರು ಗುಡಿಯ ಪಕ್ಕದ ಹೇಮಕೂಟದಲ್ಲೇ ನಿಲ್ಲುವುದು ವಾಸಿ. ಏರು ಕಡಿಮೆ, ಬಂಡೆ ಅಗಲ, ಕತ್ತಲಾದ ಮೇಲೂ ಹತ್ತು ನಿಮಿಷದಲ್ಲಿ ಇಳಿದು ಆಟೊ ಸೇರಬಹುದು.

ಹರಿಗೋಲಿನ ಆಸೆಯಿದ್ದವರಿಗೆ ಒಂದು ಮಾತು. ಜುಲೈ, ಆಗಸ್ಟ್ ಹೊತ್ತಿಗೆ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆಯಂಚಿನ ಪುರಂದರ ಮಂಟಪವೇ ಮುಳುಗುತ್ತದೆ, ಹರಿಗೋಲು ನಿಲ್ಲುತ್ತದೆ. ಅಂಥ ದಿನ ಯಾರಾದರೂ ಕರೆದರೂ ಹತ್ತಬೇಡಿ.

ಮರಳಿ ಸ್ಟೇಷನ್ನಿಗೆ

ಹಡಗು ತಡವಾಗಿ ಬಂದವರಿಗೆ ಕಾಯುವುದಿಲ್ಲ, ರೈಲೂ ಅಷ್ಟೆ. ಏಳೂವರೆಗೆ ಹೊಸಪೇಟೆಯಲ್ಲಿರುವಂತೆ ಹಂಪಿ ಬಿಡಿ. ರೈಲು ಎಲ್ಲಿದೆಯೆಂದು 139ಕ್ಕೆ ಫೋನು ಮಾಡಿದರೆ ಗೊತ್ತಾಗುತ್ತದೆ. ತಡವಾಗಿದ್ದರೆ ಖಾನಾವಳಿಯಲ್ಲಿ ಕೂತು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಣ್ಣಿ. ಸರಿಯಾದ ಹೊತ್ತಿಗೆ ಬರುತ್ತಿದ್ದರೆ ಅದನ್ನೇ ಕಟ್ಟಿಸಿಕೊಳ್ಳಿ. ಈ ರಾತ್ರಿ ಮೇಲಿನ ಬರ್ತ್ ಒಳ್ಳೆಯದು, ಹತ್ತಿದ ಕೂಡಲೇ ಯಾರನ್ನೂ ಎಬ್ಬಿಸದೆ ಕಾಲು ಚಾಚಬಹುದು.

ಎರಡನೇ ಸಲ ಬಂದರೆ

ಇದೇ ರೈಲು, ಇದೇ ಹೊತ್ತು. ದಿಕ್ಕು ಮಾತ್ರ ಬೇರೆ. ಸಂಡೂರು ಅಥವಾ ಕಂಪ್ಲಿ, ಎರಡೂ ಹೊಸಪೇಟೆಯಿಂದ ಸುಮಾರು ಮೂವತ್ತು ಕಿಲೋಮೀಟರ್, ಆದರೆ ಒಂದು ಆಚೆ, ಒಂದು ಈಚೆ, ಒಂದನ್ನೇ ಆರಿಸಿ.

ಸಂಡೂರಿಗೆ ಮಳೆ ನಿಂತ ಹೊಸದರಲ್ಲಿ ಹೋಗಬೇಕು, ಬೆಟ್ಟ ಹಸಿರಾಗಿರುತ್ತದೆ. ಟ್ಯಾಕ್ಸಿ ಮಾಡಿಕೊಳ್ಳಿ. ಊರಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ಬೆಟ್ಟದ ದಾರಿ ಹಿಡಿದರೆ ಕುಮಾರಸ್ವಾಮಿ ಮತ್ತು ಪಾರ್ವತಿಯ ಪುರಾತನ ಗುಡಿಗಳು. ಘೋರ್ಪಡೆ ಮನೆತನದ ಈ ಪುಟ್ಟ ಸಂಸ್ಥಾನ 1932ರಲ್ಲೇ ದೇವಸ್ಥಾನಗಳನ್ನು ದಲಿತರಿಗೆ ತೆರೆದಿತ್ತು, 1934ರಲ್ಲಿ ಗಾಂಧೀಜಿ ಇಲ್ಲಿಗೆ ಬಂದಿದ್ದರು. ಅದೇ ಬೆಟ್ಟಗಳ ಅದಿರಿನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿ, ಆಮೇಲೆ ಷರತ್ತಿನ ಮೇಲೆ ಬಿಟ್ಟಿತು. ಲಾರಿಗಳ ಕೆಂಪು ಧೂಳಿಗೆ ಬಿಳಿ ಬಟ್ಟೆ ಬಲಿಯಾಗುತ್ತದೆ, ಹಾಕಬೇಡಿ. ಊರಿನ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಂಗಸರ ಕಸೂತಿ ಕೊಳ್ಳಬಹುದು. ಭೌಗೋಳಿಕ ಗುರುತು ಪಡೆದ ಕೆಲಸ ಅದು. ಬಟ್ಟೆಯನ್ನು ತಿರುಗಿಸಿ ಹಿಂಬದಿಯ ಹೊಲಿಗೆ ನೋಡಿದರೆ ಕೈಕೆಲಸ ಎಷ್ಟು, ಮೆಷಿನ್ನು ಎಷ್ಟು ಎಂದು ತಿಳಿಯುತ್ತದೆ.

ಕಂಪ್ಲಿಗೆ ಬಸ್ಸೇ ಸಾಕು. ದಾರಿಯುದ್ದಕ್ಕೂ ಭತ್ತ, ಬಾಳೆ, ಕಬ್ಬು. ಕುಮಾರರಾಮನ ತಂದೆ ಕಂಪಿಲರಾಯನ ರಾಜ್ಯಕ್ಕೆ ಹೆಸರು ಕೊಟ್ಟ ಊರು ಇದು. 1327ರಲ್ಲಿ ಮಹಮ್ಮದ್ ಬಿನ್ ತುಘಲಕ್‌ನ ಸೈನ್ಯಕ್ಕೆ ಆ ರಾಜ್ಯ ಬಿತ್ತು, ಹಂಪಿ ತಲೆಯೆತ್ತಿದ್ದು ಆಮೇಲೆ. ಹೊಳೆದಂಡೆಯ ಕೋಟೆಯನ್ನು ನಡೆದೇ ನೋಡಬಹುದು. ಗಂಗಾವತಿ ಕಡೆಗೆ ದಾಟುವ ಸೇತುವೆ ಹೊಳೆ ತುಂಬಿದಾಗ ಮುಳುಗುವುದು ಪ್ರತಿ ಮಳೆಗಾಲದ ಸುದ್ದಿ, ಆಚೆ ದಂಡೆಗೆ ಹೋಗಿ ಬರುವ ಲೆಕ್ಕ ಹಾಕುವವರು ಅಂದಿನ ನೀರಿನ ಮಟ್ಟ ವಿಚಾರಿಸಿಕೊಂಡೇ ಬಸ್ಸು ಹತ್ತಬೇಕು. ಮಧ್ಯಾಹ್ನದೊಳಗೆ ಕಂಪ್ಲಿ ಮುಗಿಯುತ್ತದೆ. ವಾಪಸು ಬಂದು ಸಂಜೆಗೆ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ನೋಡಲು ಸಮಯವಿರುತ್ತದೆ, ಅಲ್ಲಿಂದ ಸ್ಟೇಷನ್ನು ಆಟೊದಲ್ಲಿ ಸ್ವಲ್ಪವೇ ದೂರ.